ಮಡಿಕೆಗೆ ಎರಡು ಕೋಟ್ ಎನಾಮಲ್

ಕೋಪದಲ್ಲಿರುವಾಗ ಬರೆಯಬೇಡಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೋಪ ಇಳಿದ ಮೇಲೆ ನನ್ನ ಹತ್ತಿರ ಬರೆಯಲು ಏನೂ ಉಳಿದಿರುವುದಿಲ್ಲ, ಅದು ಅವಳಿಗೂ ಗೊತ್ತು. ಅದಕ್ಕೇ ಈಗಲೇ ಕೂತಿದ್ದೇನೆ, ಅಂಗಡಿಯ ಕೌಂಟರಿನ ಹಿಂದೆ, ಫೋನಿನ ಮೇಲೆ ಎರಡು ಹೆಬ್ಬೆರಳು ಕುಟ್ಟಿಕೊಂಡು.

ಎದುರಿಗೆ ಒಂದು ಮಡಿಕೆ ಇದೆ. ಅರ್ಧ ಹಳದಿ, ಅರ್ಧ ಕೆಂಪು, ಹೊಸ ಆಟೋದ ಹಾಗೆ ಫಳಫಳ ಹೊಳೆಯುತ್ತದೆ. ಅದರ ಬಾಯಿಗೆ ಹಳೇ ಬ್ರಷ್ಷುಗಳನ್ನು ಸಿಕ್ಕಿಸಿದ್ದೇನೆ. ಬಂದವರೆಲ್ಲ ಕೇಳುತ್ತಾರೆ, "ಸಾರ್, ಸೂಪರಾಗಿದೆ, ಎಲ್ಲಿ ತಗೊಂಡ್ರಿ?" ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ಬೈಗುಳವೇ ಬರುತ್ತದೆ. ಈ ಚಂದದ ಮಡಿಕೆಯಿಂದಾಗಿ ಒಬ್ಬ ಹೆಂಗಸಿಗೆ ಮೋಸಗಾತಿ ಎಂಬ ಹೆಸರು ಬಂತು, ಹನ್ನೆರಡು ವರ್ಷದಿಂದ ಕೂತ ಜಾಗವೂ ಹೋಗುವುದರಲ್ಲಿತ್ತು. ಮಾಡಿದ್ದು ಯಾರು? ಓದಿದವರು. ಪಾರ್ಕಿನಲ್ಲಿ ಕೈ ಬೀಸಿಕೊಂಡು ವಾಕಿಂಗ್ ಮಾಡುವವರು. ಅವರ ಪೈಕಿ ನಾನೂ ಒಬ್ಬ.

ನನ್ನನ್ನು ಮೊದಲ ಸಲ ಓದುತ್ತಿರುವವರಿಗೆ ಹೇಳಿಬಿಡುತ್ತೇನೆ. ಮೂಡಲಪಾಳ್ಯದಲ್ಲಿ ನನ್ನದು ಬಣ್ಣದ ಅಂಗಡಿ, ಮೂವತ್ತು ವರ್ಷದ್ದು. ಬಣ್ಣ ಮಾರುವುದು ಅಂದುಕೊಂಡಿದ್ದೀರಿ. ನಾನು ಮಾರುವುದು ಆರುವುದನ್ನು. ಗೋಡೆಗೆ ಬಳಿದದ್ದು ಆರಲಿಲ್ಲ ಅಂದರೆ ನನಗೆ ಫೋನು. ಮಳೆ ಹಿಡಿದ ವಾರದಲ್ಲಂತೂ ಜನ ನನ್ನ ವಂಶವನ್ನೇ ಜಾಲಾಡುತ್ತಾರೆ. "ಏನ್ರೀ ಮಾಲು ಕೊಟ್ಟಿದೀರಾ, ಮೂರು ದಿನ ಆಯ್ತು, ಇನ್ನೂ ಕೈಗೆ ಅಂಟುತ್ತೆ!" ಅಲ್ಲಪ್ಪಾ, ಹೊರಗೆ ಗಾಳಿಯೇ ನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಕೂತಿದೆ, ನಿನ್ನ ಗೋಡೆಯ ನೀರನ್ನು ಅದು ಎಲ್ಲಿ ಇಟ್ಟುಕೊಳ್ಳುತ್ತದೆ? ಅದೇ ಬಣ್ಣವನ್ನು ಮಾರ್ಚಿನಲ್ಲಿ ಬಳಿ, ನೀನು ಟೀ ಕುಡಿದು ಬರುವಷ್ಟರಲ್ಲಿ ಆರಿರುತ್ತದೆ.

ಬಣ್ಣ ತೆಳು ಮಾಡುವ ತಿನ್ನರ್‌ದು ಬೇರೆಯೇ ಜಾತಕ. ಮುಚ್ಚಳ ಒಂದಿಷ್ಟು ಸಡಿಲವಿದ್ದರೂ ಸಾಕು, ಡಬ್ಬದೊಳಗೆ ಕೂರಲಾರದು, ಊರೆಲ್ಲ ಸುತ್ತುತ್ತದೆ. ಪಕ್ಕದಲ್ಲೇ ಇಟ್ಟ ಚೊಂಬು ನೀರು ಮಾತ್ರ ಸಂಜೆಯವರೆಗೂ ಅಷ್ಟೇ ಇರುತ್ತದೆ. ಟರ್ಪೆಂಟೈನ್ ಇವೆರಡರ ಮಧ್ಯೆ, ಹೋಗಲೋ ಬೇಡವೋ ಎಂದು ಯೋಚಿಸಿಕೊಂಡು ಹೋಗುತ್ತದೆ. ಲಿನ್ಸೀಡ್ ಅನ್ನುವ ಅಗಸೆ ಎಣ್ಣೆಯಂತೂ ಎದ್ದು ಹೋಗುವ ಮಾತೇ ಆಡುವುದಿಲ್ಲ, ಬೇಸಿಗೆ ರಜಕ್ಕೆ ಬಂದ ಭಾವಮೈದುನನ ಹಾಗೆ. ಇಷ್ಟೆಲ್ಲ ತಿಳಿದವನು ನಾನು. ಬಾಯಿ ತೆರೆದರೆ ಅರ್ಧ ಗಂಟೆ ಪಾಠ ಮಾಡಬಲ್ಲೆ. ತಿಳಿದವನು ಮಾಡುವ ತಪ್ಪು ತಿಳಿಯದವನ ತಪ್ಪಿಗಿಂತ ಹೆಚ್ಚು ಹೊಳೆಯುತ್ತದೆ, ಎರಡು ಕೋಟ್ ಬಿದ್ದಿರುತ್ತದಲ್ಲ.

ಈ ಪಾಠ ನನಗೆ ಅಂಗಡಿ ಕಲಿಸಿದ್ದೂ ಅಲ್ಲ. ನಾವು ಬೆಳೆದದ್ದು ಬಾಪೂಜಿ ನಗರದ ಒಂದು ವಠಾರದಲ್ಲಿ. ನನಗಿದ್ದದ್ದು ಒಂದೇ ಬಿಳಿ ಅಂಗಿ. ಸಂಜೆ ಒಗೆದರೆ ಬೆಳಿಗ್ಗೆ ಸ್ಕೂಲಿಗೆ ಬೇಕು. ಅಮ್ಮ ಅದನ್ನು ಟವೆಲಿನಲ್ಲಿ ಸುತ್ತಿ ಹಿಂಡಿ, ತೋಳು ಎರಡೂ ಅಗಲಿಸಿ, ಮೈಸೂರು ರಸ್ತೆ ಕಡೆಯ ಕಿಟಕಿಗೆ ನೇತುಹಾಕುತ್ತಿದ್ದಳು. ನಾನು ಮಡಚಿ ಹಾಕಿದರೆ ತಲೆಗೆ ಮೊಟಕುತ್ತಿದ್ದಳು. "ಅಗಲ ಮಾಡೋ, ಮಡಚಿದ್ರೆ ನಾಳೆ ಬನಿಯನ್ನಲ್ಲೇ ಹೋಗು!" ಎಷ್ಟು ಅಗಲಿಸಿದರೂ ಕಾಲರು ಮತ್ತು ಜೇಬು ಮಾತ್ರ ಆರುತ್ತಿರಲಿಲ್ಲ. ಏಳನೇ ಕ್ಲಾಸಿನವರೆಗೆ ನಾನು ಒದ್ದೆ ಜೇಬಿನ ಹುಡುಗ. ಎದೆಯ ಎಡಭಾಗ ತಣ್ಣಗಿರುತ್ತಿತ್ತು. ಮೇಷ್ಟ್ರು ಶಾಯಿ ಸೋರಿದೆಯಾ ಎಂದು ಮುಟ್ಟಿ ನೋಡುತ್ತಿದ್ದರು.

ಅಪ್ಪ ಮಿಲ್ಲಿನ ಶಿಫ್ಟಿಗೆ ಓಡುವ ಮನುಷ್ಯ. ಕಾಫಿಯನ್ನು ಲೋಟದಲ್ಲಿ ಕುಡಿಯುವಷ್ಟು ಸಮಯ ಅವನ ಜೀವನದಲ್ಲಿ ಎಂದೂ ಇರಲಿಲ್ಲ. ಸಾಸರಿಗೆ ಸುರಿದು, ಎರಡು ಸಲ ಊದಿ, ಸೊರ್ ಎಂದು ಎಳೆದು ಬಾಗಿಲು ದಾಟುತ್ತಿದ್ದ. ಆ ಸದ್ದು ಕೇಳಿ ಪಕ್ಕದ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಇನ್ನು ಡಾಕ್ಟರ ಹತ್ತಿರ ಹೋದರೆ ಕಾಂಪೌಂಡರು ಸ್ಪಿರಿಟ್ಟಿನ ಹತ್ತಿ ಉಜ್ಜುತ್ತಿದ್ದ. ಆಹಾ, ತೋಳಿನ ಮೇಲೆ ಐಸ್ ಇಟ್ಟ ಹಾಗೆ. ಆ ತಂಪು ಹಾರಿಹೋಗುವ ಮೊದಲೇ ಸೂಜಿ. ಮೊದಲು ತಣ್ಣಗೆ ಮಾಡಿ ಆಮೇಲೆ ಚುಚ್ಚುವವರನ್ನು ನಾನು ಅವತ್ತಿನಿಂದ ನಂಬುವುದಿಲ್ಲ. ನಮ್ಮ ಸಂಘದ ಸೆಕ್ರೆಟರಿ ಪರಮೇಶಣ್ಣ ಅದೇ ಪೈಕಿ. ಅವರ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮುಂಚೆ ಅಮ್ಮನ ಮಡಿಕೆ. ವಠಾರದ ಎರಡು ಮನೆಗಳ ನಡುವೆ ಒಬ್ಬರು ಮೈ ಓರೆ ಮಾಡಿ ಹೋಗುವಷ್ಟು ಸಂದಿ ಇತ್ತು. ಅಲ್ಲಿ ಗಾಳಿ ಯಾವಾಗಲೂ ಸಿಳ್ಳೆ ಹಾಕುತ್ತಿತ್ತು. ಬಿಸಿಲು ಬೀಳುತ್ತಿರಲಿಲ್ಲ. ಅಮ್ಮ ಒಂದು ಬಾಂಡ್ಲಿ ಮರಳು ಹಾಕಿ, ಅದರ ಮೇಲೆ ಮಡಿಕೆ ಕೂರಿಸಿ, ಒದ್ದೆ ಗೋಣಿ ಸುತ್ತುತ್ತಿದ್ದಳು. ಮಡಿಕೆಯ ಮೈಮೇಲೆ ಸಣ್ಣ ಸಣ್ಣ ಹನಿ. ನಾನು ಬೆರಳಿನಿಂದ ಅದರ ಮೇಲೆ ಹೆಸರು ಬರೆಯುತ್ತಿದ್ದೆ. ಒಂದು ದಿನ ಕೇಳಿದೆ, "ಅಮ್ಮ, ಮಡಿಕೆ ಯಾಕೆ ಅಳುತ್ತೆ?"

"ಅಳಲ್ಲ ಕಣೋ, ಬೆವರುತ್ತೆ. ಒಳಗಿನ ನೀರು ಮೈಮೇಲೆ ಬರುತ್ತೆ, ಗಾಳಿ ಅದನ್ನ ಎತ್ಕೊಂಡು ಹೋಗುತ್ತೆ. ಹೋಗೋವಾಗ ಬಿಸೀನೂ ಜೊತೇಲಿ ಕರ್ಕೊಂಡು ಹೋಗುತ್ತೆ."

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಇದಕ್ಕಿಂತ ಚೆನ್ನಾಗಿ ನನಗೆ ಇವತ್ತಿಗೂ ಯಾರೂ ಹೇಳಿಕೊಟ್ಟಿಲ್ಲ.

ಈಗ ಈ ಬೇಸಿಗೆಗೆ ಬರೋಣ. ಯುಗಾದಿ ಮುಗಿದ ಮರುವಾರ, ನಮ್ಮ ಲೇಔಟಿನ ನಿವಾಸಿಗಳ ಸಂಘಕ್ಕೆ ಪುಣ್ಯ ಮಾಡುವ ಹುಕಿ ಬಂತು. ಪಾರ್ಕಿನ ಗೇಟಿನ ಹತ್ತಿರ ಅರವಟ್ಟಿಗೆ ಇಡೋಣ, ದಾರಿಹೋಕರಿಗೆ ತಣ್ಣೀರು ಕೊಡೋಣ. ಒಳ್ಳೆಯದೇ. "ಮಡಿಕೆ ಎಲ್ಲಿಂದ ತರೋದು?" ಎಂದು ಪರಮೇಶಣ್ಣ ಕೇಳಿದಾಗ ನಾನೇ ಚೌಡಮ್ಮನ ಹೆಸರು ಹೇಳಿದೆ.

ಚೌಡಮ್ಮ ಅದೇ ಪಾರ್ಕಿನ ಕಾಂಪೌಂಡಿಗೆ ಒರಗಿ ಮಡಿಕೆ ಮಾರುವ ಹೆಂಗಸು. ಹೆಗ್ಗನಹಳ್ಳಿಯಿಂದ ಬೆಳಿಗ್ಗೆ ಬರುತ್ತಾಳೆ, ಕುಂಬಾರರ ಮನೆತನ, ವಯಸ್ಸು ಎಪ್ಪತ್ತರ ಹತ್ತಿರ. ಹುಲ್ಲಿನ ಮೇಲೆ ಮಡಿಕೆ ಜೋಡಿಸಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ಟಣ್ ಎನಿಸಿ ಕೊಡುತ್ತಾಳೆ. ಸದ್ದು ಸರಿಬಾರದಿದ್ದರೆ ಗಿರಾಕಿ ಬೇಡಿದರೂ ಕೊಡುವುದಿಲ್ಲ. ನಮಗೂ ಆರು ಮಡಿಕೆಗಳನ್ನು ಹಾಗೇ ಆರಿಸಿ ಕೊಟ್ಟಳು.

ಗ್ರಾನೈಟ್ ಕಟ್ಟೆ ಬಂತು. ಮೂರು ಕಡೆ ಬ್ಯಾನರ್ ಬಂತು, ಬ್ಯಾನರಿನ ತುಂಬ ನಮ್ಮ ಮುಖಗಳು. ಟೇಪು ಕತ್ತರಿಸಿದೆವು, ಫೋಟೋ ಹೊಡೆಸಿಕೊಂಡೆವು, ನೀರು ಹೊರತುಪಡಿಸಿ ಎಲ್ಲವನ್ನೂ ಕುಡಿದೆವು. ಮರುದಿನ ಬೆಳಿಗ್ಗೆ ಪರಮೇಶಣ್ಣ ಅಂಗಡಿಗೆ ಬಂದರು, ಮುಖ ಇಷ್ಟುದ್ದ.

"ಏನಯ್ಯಾ, ನಿನ್ನ ಚೌಡಮ್ಮ ಡ್ಯಾಮೇಜ್ ಪೀಸ್ ಕೊಟ್ಟವ್ಳಲ್ಲ. ಆರೂ ಸೋರ್ತಾ ಇವೆ. ಗ್ರಾನೈಟೆಲ್ಲ ನೀರು, ಬ್ಯಾನರ್ ಕೆಳಗೆಲ್ಲ ನೆಂದೋಗಿದೆ."

ಹೋಗಿ ನೋಡಿದೆ. ಮಡಿಕೆಗಳು ಬೆವರಿದ್ದವು. ಅಷ್ಟೇ. ನೀರು ತಣ್ಣಗೆ ಹಲ್ಲು ಜುಮ್ಮೆನ್ನುವ ಹಾಗಿತ್ತು, ನಾನೊಬ್ಬ ಬಿಟ್ಟರೆ ಕುಡಿದು ನೋಡಿದವರು ಯಾರೂ ಇರಲಿಲ್ಲ. ಆ ಕ್ಷಣಕ್ಕೆ ನನಗೆ ಅಮ್ಮ ನೆನಪಾಗಬೇಕಿತ್ತು. ನೆನಪಾದದ್ದು ಅಂಗಡಿಯಲ್ಲಿ ಉಳಿದಿದ್ದ ಎನಾಮಲ್ ಡಬ್ಬಗಳು. "ಎರಡು ಕೋಟ್ ಹೊಡೆಸೋಣ ಅಣ್ಣ, ಒಂದು ಹನಿ ಹೊರಗೆ ಬರಲ್ಲ. ನಮ್ಮ ಬಾವುಟದ ಬಣ್ಣಾನೇ ಹಾಕೋಣ. ಖರ್ಚು ನಂದು," ಎಂದೆ. ಬ್ಯಾನರಿನಲ್ಲಿ ನನ್ನ ಮುಖ ಎರಡನೇ ಸಾಲಿನಿಂದ ಮೊದಲ ಸಾಲಿಗೆ ಬಂತು. ಇದಕ್ಕಿಂತ ಕಡಿಮೆ ಬೆಲೆಗೆ ಬುದ್ಧಿ ಮಾರಿಕೊಂಡವನನ್ನು ನೀವು ನೋಡಿದ್ದರೆ ತಿಳಿಸಿ.

ಬಣ್ಣ ಹೊಡೆಯುವಾಗ ಚೌಡಮ್ಮ ಎದ್ದು ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. "ಅಯ್ಯೋ, ಉಸ್ರು ಕಟ್ಬುಟ್ರಲ್ಲ ಸ್ವಾಮಿ! ಅದು ಮೈಯೆಲ್ಲ ಬಾಯಿ ಬುಟ್ಕೊಂಡಿರ್ತದೆ. ಮುಚ್ಚುದ್ರೆ ನೀರೆಂಗೆ ತಣ್ಗಾಯ್ತದೆ?"

ನಾನು ಏನು ಹೇಳಿದೆ ಗೊತ್ತಾ? "ನಿನ್ನ ಕೆಲಸ ನೋಡ್ಕೋ ಹೋಗಮ್ಮ. ಬಣ್ಣದ ವಿಷಯ ನನಗೆ ಹೇಳ್ಕೊಡ್ಬೇಡ." ನನ್ನ ತಾಯಿಯ ವಯಸ್ಸಿನವಳು. ಅಂಗಡಿಗೆ ಬರುವ ಇಪ್ಪತ್ತು ವರ್ಷದ ಇಂಜಿನಿಯರಿಗೆ ನೀವು, ತಾವು, ಸಾರ್. ಚೌಡಮ್ಮನಿಗೆ ನೀನು.

ಆಮೇಲೆ ಆದದ್ದು ಆಗಲೇಬೇಕಾದದ್ದು. ಮಡಿಕೆಗಳು ಬೆವರುವುದು ನಿಂತಿತು. ಮೂರು ಕಡೆ ಬ್ಯಾನರು, ಗಾಳಿ ಒಳಗೆ ಸುಳಿಯುವಂತಿಲ್ಲ. ನಾಲ್ಕನೇ ಕಡೆಯಿಂದ ಮಧ್ಯಾಹ್ನದ ಬಿಸಿಲು ನೇರ ಮಡಿಕೆಯ ಹೊಟ್ಟೆಗೆ. ಡೆಲಿವರಿ ಮಾಡುವವನೊಬ್ಬ, ಮೂವತ್ತರ ಆಸುಪಾಸು, ಗದಗಿನ ಕಡೆಯ ಮಾತು, ಬೈಕು ನಿಲ್ಲಿಸಿ ಒಂದು ಗುಟುಕು ಬಾಯಿಗೆ ಹಾಕಿದವನು ಅಲ್ಲೇ ಉಗುಳಿದ. ಪಕ್ಕದಲ್ಲಿ ನಿಂತಿದ್ದ ನಮ್ಮನ್ನು ನೋಡಿ, "ಏನ್ರೀ ಸರ, ಕೆಳಗ ಒಲಿ ಹಚ್ಚೀರೇನು? ಒಂದೀಟು ಚಾಪುಡಿ ಒಗೀರಿ. ನಿಮಗ ಪುಣ್ಯಾನೂ ಬರ್ತೈತಿ, ನಮಗ ಚಾನೂ ಆಕ್ಕೈತಿ," ಎಂದು ಹೊರಟುಹೋದ.

ಪರಮೇಶಣ್ಣನಿಗೆ ಅವಮಾನವಾಯಿತು. ಅವಮಾನವಾದ ಸೆಕ್ರೆಟರಿ ಏನು ಮಾಡುತ್ತಾನೆ? ವಾಟ್ಸಾಪ್ ಗ್ರೂಪಿಗೆ ಹೋಗುತ್ತಾನೆ. ಮುನ್ನೂರು ಚಿಲ್ಲರೆ ಮನೆಯವರಿರುವ ಗ್ರೂಪು. ಅವರು ಹಾಕಿದ್ದು ಹೀಗೆ: "ಮಡಿಕೆ ಮಾರುವ ಹೆಂಗಸಿನಿಂದ ನಮ್ಮ ಸಂಘಕ್ಕೆ ಮೋಸ. ಮೊದಲು ಸೋರುವ ಮಡಿಕೆ ಕೊಟ್ಟಳು. ಸರಿಪಡಿಸಿದರೆ ನೀರು ತಣ್ಣಗಾಗುತ್ತಿಲ್ಲ. ನಕಲಿ ಮಣ್ಣು. ಇಂಥವರನ್ನು ನಮ್ಮ ಫುಟ್‌ಪಾತಿನಿಂದ ತೆರವು ಮಾಡಿಸಬೇಕು."

ಹೆಬ್ಬೆರಳುಗಳು ಎದ್ದವು. ಒಂದರ ಹಿಂದೆ ಒಂದು. ಬೆವರಿದರೂ ಅವಳದೇ ತಪ್ಪು, ಬೆವರದಿದ್ದರೂ ಅವಳದೇ ತಪ್ಪು, ಯಾವನೂ ಯೋಚಿಸಲಿಲ್ಲ. ನಾನೂ ಹೆಬ್ಬೆರಳು ಒತ್ತಿದೆ, ಊಟ ಮಾಡುತ್ತಾ, ಎಡಗೈಯಲ್ಲಿ. ಮರುದಿನ ವಾರ್ಡ್ ಆಫೀಸಿಗೆ ಕೊಡುವ ಅರ್ಜಿಗೆ ಹದಿನಾಲ್ಕು ಜನ ಸಹಿ ಮಾಡಿದೆವು. ಮೂರನೆಯದು ನನ್ನದು. ಆಫೀಸಿನವರು ಚೌಡಮ್ಮನಿಗೆ ಹೇಳಿ ಹೋದರು, ಸೋಮವಾರದೊಳಗೆ ಜಾಗ ಖಾಲಿ ಮಾಡಬೇಕು.

ಗುರುವಾರ ಮಧ್ಯಾಹ್ನ ಅಂಗಡಿಗೆ ಒಬ್ಬ ಗಿರಾಕಿ ಬಂದು ಜಗಳ ತೆಗೆದ. ವಾರ್ಡ್‌ರೋಬಿನ ಒಳಗೆ ಹೊಡೆಸಿದ ಪ್ರೈಮರ್ ನಾಲ್ಕು ದಿನವಾದರೂ ಆರಿಲ್ಲವಂತೆ. "ಬಾಗಿಲು ತೆಗೆದಿಟ್ಟಿದ್ರಾ?" ಎಂದೆ. "ಧೂಳು ಕೂರುತ್ತೆ ಅಂತ ಮುಚ್ಚಿಟ್ಟಿದೀವಿ," ಎಂದ. ನನಗೆ ರೇಗಿತು. ಶುರು ಮಾಡಿದೆ, "ರೀ ಸ್ವಾಮಿ, ಮುಚ್ಚಿಟ್ರೆ ಹೆಂಗ್ರೀ ಹೋಗುತ್ತೆ? ಹೋಗೋಕೆ ದಾರಿ ಬೇಡ್ವಾ? ಮೈ ಮುಚ್ಚಿ, ಗಾಳಿ ನಿಲ್ಸಿ, ಆಮೇಲೆ ಮಾಲು ಸರಿ ಇಲ್ಲ ಅಂತ ಮಾರಿದವನ ಮೇಲೆ..."

ಅಲ್ಲಿಗೆ ನನ್ನ ಬಾಯಿ ನಿಂತಿತು. ಗಿರಾಕಿ ಕಾಯುತ್ತಿದ್ದ. "ಮಾರಿದವನ ಮೇಲೆ ಏನು ಸಾರ್?" ಎಂದ. ನಾನು ಅವನಿಗೆ ಇನ್ನೊಂದು ಡಬ್ಬ ಪ್ರೈಮರ್ ಕೊಟ್ಟು ಕಳಿಸಿದೆ. ಅಂಗಡಿಯ ಫ್ಯಾನಿನ ಕೆಳಗೆ ಕೂತರೂ ಬೆವರು ಆರಲಿಲ್ಲ.

ಆ ಸಂಜೆಯೇ, ಮೊದಲಿನದನ್ನು ವಾಪಸ್ ಪಡೆಯುವ ಹೊಸ ಅರ್ಜಿ ಬರೆದುಕೊಂಡು ಪರಮೇಶಣ್ಣನ ಮನೆಗೆ ಹೋದೆ. "ಅಣ್ಣ, ತಪ್ಪು ಮಡಿಕೇದಲ್ಲ. ನನ್ನ ಬಣ್ಣದ್ದು. ಅರ್ಜಿ ವಾಪಸ್ ತಗೊಳ್ಳೋಣ."

"ಹಂಗಾದ್ರೆ ಮೊದಲು ಸೋರಿದ್ದು?"

"ಸೋರಿದ್ದಲ್ಲ, ಬೆವರಿದ್ದು."

"ಬೆವರೋಕೆ ಅದೇನು ಗಂಡಸೇನಯ್ಯಾ, ಮೂಟೆ ಹೊತ್ತಿತ್ತಾ? ನೋಡು, ಸಂಘ ಒಂದು ಸಲ ಬರೆದುಕೊಟ್ಟದ್ದನ್ನ ವಾಪಸ್ ತಗೊಂಡ್ರೆ ನಮಗೇನು ಮರ್ಯಾದೆ ಉಳಿಯುತ್ತೆ? ಅವಳಿಗೇನು, ಇಲ್ಲಲ್ಲದಿದ್ರೆ ಇನ್ನೊಂದು ಕಡೆ ಕೂರ್ತಾಳೆ. ಲೇ ಸರೋಜಾ, ನೀರು ತಗೊಂಬಾರೇ!"

ಅವರ ಹೆಂಡತಿ ಸರೋಜಮ್ಮ ಎರಡು ಲೋಟ ತಂದರು. ಪರಮೇಶಣ್ಣ ಒಂದೇ ಗುಟುಕಿಗೆ ಖಾಲಿ ಮಾಡಿ ಆಹ್ ಎಂದರು. ನಾನೂ ಕುಡಿದೆ. ತಣ್ಣಗೆ, ಮಣ್ಣಿನ ರುಚಿ. ಲೋಟ ಕೆಳಗಿಟ್ಟು ಸರೋಜಮ್ಮನ ಮುಖ ನೋಡಿದೆ.

"ಯಾಕೆ ನೋಡ್ತೀರಾ, ಚೌಡಮ್ಮನ ಮಡಿಕೇದೇ," ಎಂದರು ಸರೋಜಮ್ಮ. "ಬಾಲ್ಕನಿ ಗಾಳೀಲಿ ಇಟ್ಟಿದೀನಿ. ಪ್ರತಿ ಬೇಸಿಗೆಗೂ ಒಂದು ತರ್ತೀನಿ. ಇವ್ರು ಎಂಟು ವರ್ಷದಿಂದ ಇದೇ ನೀರು ಕುಡ್ಕೊಂಡು ಬಂದು, ಗ್ರೂಪಲ್ಲಿ ನಕಲಿ ಮಣ್ಣು ಅಂತ ಹಾಕವ್ರೆ. ನನ್ನನ್ನ ಒಂದು ಮಾತು ಕೇಳಿದ್ರಾ? ಕೊಡಿ ಇಲ್ಲಿ, ಪೆನ್ನು ಇದ್ಯಾ?"

"ನಿನ್ನ ಸಹಿ ಯಾಕೇ? ಮೆಂಬರ್ ನಾನು," ಎಂದರು ಪರಮೇಶಣ್ಣ.

"ಮನೆ ನನ್ನ ಹೆಸರಲ್ಲಿದೆ ಕಣ್ರೀ," ಎಂದರು ಸರೋಜಮ್ಮ. ಹೊಸ ಅರ್ಜಿಯಲ್ಲಿ ಮೊದಲ ಸಹಿ ಅವರದು.

ಉಳಿದ ಸಹಿಗಳಿಗೆ ಮನೆ ಮನೆ ತಿರುಗಿದೆ. ಒಬ್ಬರೂ ವಾದ ಮಾಡಲಿಲ್ಲ, ಅದೇ ನನಗೆ ಇನ್ನೂ ಉರಿಯುತ್ತದೆ. "ಓ, ಅದಾ? ಎಲ್ಲಿ ಹಾಕ್ಬೇಕು?" ಎಂದು ಟಿವಿ ನೋಡುತ್ತಲೇ ಸಹಿ ಹಾಕಿದರು. ಮೊದಲಿನದಕ್ಕೂ ಹೀಗೇ ಹಾಕಿದ್ದರು. ಒಬ್ಬಾಕೆಯನ್ನು ಎಬ್ಬಿಸುವುದಕ್ಕೂ ಅದೇ ಪೆನ್ನು, ಕೂರಿಸುವುದಕ್ಕೂ ಅದೇ ಪೆನ್ನು, ಎರಡರ ಮಧ್ಯೆ ಕಾಗದ ಓದಿದವರು ಇಲ್ಲ. ಶನಿವಾರ ವಾರ್ಡ್ ಆಫೀಸಿಗೆ ಹೋದರೆ ಅಲ್ಲಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವೇ ಎತ್ಸಿ ಅಂತೀರಾ, ನೀವೇ ಬೇಡ ಅಂತೀರಾ. ನಮಗೇನು ಬೇರೆ ಕೆಲ್ಸ ಇಲ್ವೇನ್ರೀ?" ಬೈಸಿಕೊಂಡೆ. ಬೈಸಿಕೊಳ್ಳಲು ಅರ್ಹನಾಗಿದ್ದೆ. ಕೊನೆಗೆ ಅರ್ಜಿ ತೆಗೆದುಕೊಂಡರು, ಇನ್ನು ನಾವು ಬರಲ್ಲ ಎಂದರು.

ಅಲ್ಲಿಂದ ನೇರ ಪಾರ್ಕಿಗೆ. ಚೌಡಮ್ಮ ಆಗಲೇ ಮಡಿಕೆಗಳಿಗೆ ಹುಲ್ಲು ಸುತ್ತುತ್ತಿದ್ದಳು. ಸೋಮವಾರಕ್ಕೆ ಟೆಂಪೋ ಹೇಳಿದ್ದಳಂತೆ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಹೋಗೋದು ಬೇಡ ಕಣಮ್ಮ, ಎಲ್ಲೂ ಹೋಗ್ಬೇಡಿ. ಅರ್ಜಿ ವಾಪಸ್ ಆಯ್ತು. ತಪ್ಪು ನಂದು. ಬಣ್ಣ ಹೊಡೆದಿದ್ದು ನಾನು."

ಅವಳ ಕೈ ನಿಲ್ಲಲಿಲ್ಲ. "ಅದು ನಂಗೆ ಅವತ್ತೇ ಗೊತ್ತಿತ್ತಲ್ಲ," ಎಂದಳು. ಇನ್ನೊಂದು ಮಡಿಕೆಗೆ ಹುಲ್ಲು ಸುತ್ತುತ್ತಾ ಕೇಳಿದಳು, "ನಾನು ಮೋಸ ಮಾಡಿಲ್ಲ ಅಂತ ಎಷ್ಟು ಜನ ಬರ್ಕೊಟ್ರು?"

"ಹದಿನಾಲ್ಕು."

"ಮಾಡಿವ್ನಿ ಅಂತ ಫೋನ್ನಾಗೆ ಎಷ್ಟು ಜನ ನೋಡಿದ್ರು?"

"ಮುನ್ನೂರು ಚಿಲ್ಲರೆ ಮನೆಯವರು."

"ಈ ವಾರ ಒಂದು ಮಡ್ಕೆ ಹೋಗಿಲ್ಲ ಸ್ವಾಮಿ. ನಂಗೆ ಗುರ್ತಿರೋ ಹೆಂಗಸ್ರು ಆ ಕಡೆ ಫುಟ್‌ಪಾತಿಂದ ಓಯ್ತವ್ರೆ, ಮಕ ತಿರುಗಿಸ್ಕಂಡು. ಜಾಗ ಕೊಟ್ರಿ, ಸಂತೋಸ. ಜಾಗದಾಗೆ ಕೂತ್ಕಂಡು ಯಾರಿಗ್ ಮಾರ್ಲಿ? ಅವ್ರಿಗೆಲ್ಲ ಯಾರೇಳ್ತಾರೆ?"

"ನಾನು ಹೇಳ್ತೀನಿ," ಎಂದೆ. ಅಲ್ಲೇ ಕೂತು ಗ್ರೂಪ್ ತೆಗೆದೆ. ಬರೆಯಲು ಜಾಗವೇ ಇರಲಿಲ್ಲ. ಗುರುವಾರ ನಾನು ಅವರ ಮನೆಯಿಂದ ಹೊರಬಿದ್ದ ಮೇಲೆ ಪರಮೇಶಣ್ಣ ಸೆಟ್ಟಿಂಗ್ ಬದಲಿಸಿದ್ದರು. ಇನ್ನು ಅಡ್ಮಿನ್ ಮಾತ್ರ ಮಾತಾಡಬಹುದು, ಉಳಿದವರು ಓದಬಹುದು. ಅಡ್ಮಿನ್ ಅವರೊಬ್ಬರೇ. ಅವರು ಹಾಕಿದ ಆ ಮಾತು ಇವತ್ತಿಗೂ ಅಲ್ಲೇ ಇದೆ, ಕೆಳಗೆ ಹೆಬ್ಬೆರಳುಗಳ ಸಾಲು. ನನ್ನದನ್ನು ತೆಗೆದಿದ್ದೇನೆ. ಒಂದು ಕಡಿಮೆಯಾದದ್ದು ಯಾರಿಗೂ ಗೊತ್ತಾಗಿಲ್ಲ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಈ ಪೇಜಿನ ಗೋಡೆ ನನ್ನದು, ಇದಕ್ಕೆ ಬೀಗ ಹಾಕುವವರಿಲ್ಲ. ಚೌಡಮ್ಮ ಮೋಸ ಮಾಡಿಲ್ಲ. ಅವರು ಕೊಟ್ಟ ಆರೂ ಮಡಿಕೆ ಸರಿಯಾಗಿದ್ದವು. ಕೆಡಿಸಿದವನು ನಾನು, ಮೂಡಲಪಾಳ್ಯದ ಬಣ್ಣದ ಅಂಗಡಿಯವನು. ಆ ಗ್ರೂಪಿನವರು ನನ್ನನ್ನು ಓದುತ್ತೀರಿ, ನನಗೆ ಗೊತ್ತು, ಲೈಕ್ ಒತ್ತದೆ ಓದುವವರೂ ಗೊತ್ತು. ಇದಕ್ಕೂ ಹೆಬ್ಬೆರಳು ಒತ್ತಿ ಕೈ ತೊಳೆದುಕೊಳ್ಳಬೇಡಿ. ನಾಳೆ ಬೆಳಿಗ್ಗೆ ವಾಕಿಂಗಿಗೆ ಹೋಗುವಾಗ ಆ ಕಡೆ ಫುಟ್‌ಪಾತ್ ಹಿಡಿಯದೆ ಈ ಕಡೆಯಿಂದಲೇ ಹೋಗಿ. ಮಡಿಕೆ ಬೇಡವಾದರೆ ಕೊಳ್ಳಬೇಡಿ, ಫ್ರಿಜ್ಜಿನ ನೀರೇ ಕುಡಿಯಿರಿ. ಆದರೆ ಅವರ ಮುಂದೆ ಒಂದು ನಿಮಿಷ ನಿಲ್ಲಿ, ಮುಖ ನೋಡಿ, ಯೋಚಿಸದೆ ಹೆಬ್ಬೆರಳು ಒತ್ತಿದೆ, ಓದದೆ ಸಹಿ ಹಾಕಿದೆ ಚೌಡಮ್ಮ ಅಂತ ಬಾಯಿಬಿಟ್ಟು ಹೇಳಿ. ಅವರು ಎಂಟು ಗಂಟೆಗೆಲ್ಲ ಅಲ್ಲಿರುತ್ತಾರೆ.